ಹಾಸಿಗೆ ಎಣಿಸುವ ಊರು

ಸುನಾಬಾ, ಮೂರನೆಯ ಪೇಟೆ
24 ಸೆಪ್ಟೆಂಬರ್ 1970, ಗುರುವಾರ

ಪೂಜ್ಯ ಅತ್ತೆಯವರಿಗೆ,

ನಿಮ್ಮ ಸೊಸೆ ತೋಕಿ ತಲೆಬಾಗಿ ಕೇಳುವುದೇನೆಂದರೆ, ಮೊದಲು ನಿಮ್ಮ ಮೊಣಕಾಲಿನ ಸಮಾಚಾರ ತಿಳಿಸಿ. ಬೆಟ್ಟದ ಊರಿನಲ್ಲಿ ಈಗಾಗಲೇ ಚಳಿ ಇಳಿದಿರಬೇಕು. ಸುಮಿ ಅತ್ತಿಗೆ ಬರೆದ ಕಾರ್ಡಿನಲ್ಲಿ, ಅಮ್ಮ ದಿನಕ್ಕೆರಡು ಸಲ ಬಿಸಿನೀರಿನ ಬುಗ್ಗೆಗೆ ಇಳಿಯುತ್ತಾಳೆ, ಇಳಿದಾಗಲೆಲ್ಲ ‘ನಮ್ಮೂರ ಸ್ನಾನದ ಮನೆ ಮುಂದೆ ಇದೂ ಒಂದು ಬಿಸಿನೀರಾ’ ಎಂದು ಮಗಳ ಊರಿನವರ ಎದುರಿಗೇ ಮೂಗು ಮುರಿಯುತ್ತಾಳೆ ಎಂದಿತ್ತು. ಓದಿ ನಮಗೆ ಸಮಾಧಾನವಾಯಿತು. ಮೂಗು ಮುರಿಯುವಷ್ಟು ಶಕ್ತಿ ಇದೆಯೆಂದರೆ ನೀವು ಚೆನ್ನಾಗಿಯೇ ಇದ್ದೀರಿ. ಇಲ್ಲಿ ನಾವೂ ಕ್ಷೇಮ. ನಿಮ್ಮ ಮೊಮ್ಮಗಳು ಚಿಕಾಳ ಕೆಳಹಲ್ಲೊಂದು ಬಿದ್ದಿದೆ. ಅದನ್ನು ಸೂರಿನ ಮೇಲೆ ಎಸೆಯಲು ಅಜ್ಜಿಯೇ ಬರಬೇಕೆಂದು ಹಟ ಹಿಡಿದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ. ನಿಮ್ಮ ಉಪ್ಪಿನಕಾಯಿಯ ತೌಡಿನ ಗಡಿಗೆಗೆ ಎರಡು ಹೊತ್ತೂ ಕೈಯಾಡಿಸುತ್ತಿದ್ದೇನೆ. ಬದನೆ ಹಾಕಿದ್ದೇನೆ, ಮೂಲಂಗಿ ಹಾಕಿದ್ದೇನೆ, ರುಚಿ ಮಾತ್ರ ನಿಮ್ಮ ಕೈಯದು ಬರುವುದಿಲ್ಲ. ನಿಮ್ಮ ಮಗನ ಕೆಮ್ಮು ಹಾಗೆಯೇ ಇದೆ. ನಿನ್ನೆ ಹಗಲಿರುಳು ಸಮವಾಗುವ ಹಿರಿಯರ ದಿನವಲ್ಲವೇ, ಮೂವರೂ ಹೋಗಿ ಮಾವನವರ ಸಮಾಧಿ ತೊಳೆದು, ಅನ್ನದ ಉಂಡೆಗೆ ಕೆಂಪುಕಾಳಿನ ಹೂರಣ ಮೆತ್ತಿ ಇಟ್ಟು ಬಂದೆವು. ಮನೆಗೆ ಬಂದು ಇವರು ನಾಲ್ಕು ಉಂಡೆ ತಿಂದು, ‘ಅಮ್ಮ ಮಾಡೋದು ಇಷ್ಟು ಸಿಹಿ ಇರಲ್ಲ’ ಎಂದು ದೂರಿ, ಐದನೆಯದಕ್ಕೆ ಕೈ ಹಾಕಿದರು.

ಈಗ ಸುದ್ದಿ. ನಗಬೇಡಿ, ಈ ಸಲ ಅಕ್ಟೋಬರ್ ಒಂದರ ಜನಗಣತಿಗೆ ನಮ್ಮ ಪೇಟೆಯಲ್ಲಿ ನಾನೇ ಹೊರಟಿದ್ದೇನೆ. ಪುರಸಭೆಯಿಂದ ಆದೇಶ ಬಂದದ್ದು ನಿಮ್ಮ ಹೆಸರಿಗೆ. ನಲವತ್ತೇಳರಿಂದ ಐದು ಗಣತಿ ಮಾಡಿದ ಕೈ ಅಲ್ಲವೇ ನಿಮ್ಮದು. ಸ್ನಾನದ ಮನೆ ನಡೆಸುವ ಓನುಕಿ ಯಜಮಾನರು, ಪೇಟೆಯ ಸಂಘದ ಅಧ್ಯಕ್ಷರಾದ ಮೇಲೆ ಅವರ ಹೊಟ್ಟೆ ಇನ್ನೂ ಮುಂದಕ್ಕೆ ಬಂದಿದೆ, ಆದೇಶ ಹಿಡಿದು ಬಾಗಿಲಲ್ಲಿ ನಿಂತು ‘ಅತ್ತೆ ಎಲ್ಲಿ?’ ಎಂದರು. ಬಿಸಿನೀರಿನ ಊರಿಗೆ ಹೋಗಿದ್ದಾರೆ, ಮೊಣಕಾಲಿಗೆ ಒಳ್ಳೆಯದಂತೆ ಎಂದೆ. ಊರೆಲ್ಲ ಹಾಗೆಯೇ ಹೇಳಿದ್ದೇನೆ. ಊರೂ ನಂಬಿದ ಹಾಗೆ ನಟಿಸುತ್ತಿದೆ. ‘ಹಂಗಾದ್ರೆ ನೀನೇ ಮಾಡಮ್ಮಾ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ’ ಎಂದು ನಕ್ಕು ಕಪ್ಪು ಚೀಲ, ಪೆನ್ಸಿಲು, ರಬ್ಬರು ಎಲ್ಲವನ್ನೂ ನನ್ನ ಕೈಗಿಟ್ಟರು. ಚೀಲದ ಪಟ್ಟಿಗೆ ನೀವು ಹಾಕಿದ ಹೊಲಿಗೆ ಹಾಗೆಯೇ ಇದೆ.

ಪುರಸಭೆಯ ಮುಂದಿನ ಹಲಗೆ ನಿಮಗೆ ನೆನಪಿರಬೇಕು, ತಿಂಗಳಿಗೊಮ್ಮೆ ಏಣಿ ಹಾಕಿ ಜನಸಂಖ್ಯೆಯ ತಗಡು ಬದಲಿಸುತ್ತಾರಲ್ಲ. ಈಗ ಅದರಲ್ಲಿರುವುದು 29,961. ಇನ್ನು ಮೂವತ್ತೊಂಬತ್ತು ಜನ ಸೇರಿ ಮೂವತ್ತು ಸಾವಿರ ಮುಟ್ಟಿದರೆ ಈ ಸಲ ನಾವು ನಗರಸಭೆಯಂತೆ. ಊರಿಗೆ ಊರೇ ಹಬ್ಬದ ಮನೆಯ ಹಾಗೆ ಆಗಿದೆ. ಮೀನಂಗಡಿಯಲ್ಲೂ ಮೂವತ್ತೊಂಬತ್ತು, ಕ್ಷೌರದಂಗಡಿಯಲ್ಲೂ ಮೂವತ್ತೊಂಬತ್ತು. ಎದುರು ಮನೆಯ ತುಂಬು ಗರ್ಭಿಣಿಯನ್ನು ಕಂಡವರೆಲ್ಲ ‘ಮೂವತ್ತನೇ ತಾರೀಕಿನೊಳಗೆ ಹೆತ್ತುಬಿಡಮ್ಮಾ, ಊರಿಗೆ ಪುಣ್ಯ ಬರುತ್ತೆ’ ಎಂದು ಗೋಳು ಹುಯ್ದುಕೊಳ್ಳುತ್ತಾರೆ. ಪಾಪ, ಅವಳು ಈಗ ಹಿತ್ತಲ ಬಾಗಿಲಿಂದ ಓಡಾಡುತ್ತಾಳೆ. ಓನುಕಿಯವರು ಮೊನ್ನೆ ಮತ್ತೆ ಬಂದು, ದನಿ ತಗ್ಗಿಸಿ, ‘ಹಡಗಿಗೆ ಹೋದೋರು, ಓದೋಕೆ ಹೋದೋರು, ನೆಂಟರ ಮನೆಗೆ ಹೋದೋರು, ಎಲ್ಲಾರನ್ನೂ ಬರ್ಕೊಂಡ್ಬಿಡು ತೋಕಿ. ಹನಿಹನಿಗೂಡಿದ್ರೆ ಹಳ್ಳ. ನಿಮ್ಮನೆಯಿಂದಾನೇ ಶುರು ಮಾಡು, ನಿಮ್ಮತ್ತೆ ಹೆಸರು ಬರಿ, ಯಾರು ಬಂದು ಕೇಳ್ತಾರೆ?’ ಎಂದರು. ಟೀ ಕೊಟ್ಟು ಕಳಿಸಿದೆ.

ಏಳು ದಿನದಿಂದ ಪೇಟೆ ಸುತ್ತಿ ಮನೆಮನೆಗೆ ನಮೂನೆ ಹಂಚುತ್ತಿದ್ದೇನೆ. ಹದಿನೈದು ವರ್ಷದಿಂದ ನಡೆದಾಡಿದ ಬೀದಿಗಳೇ, ಆದರೆ ಚೀಲ ಹೆಗಲಿಗೇರಿದ ಮೇಲೆ ಬೇರೆಯಾಗಿಯೇ ಕಾಣುತ್ತವೆ. ಒಂದು ಬಾಗಿಲು ತಟ್ಟಿದರೆ ಹಿಂದೆ ಇನ್ನೊಂದು ಬಾಗಿಲು ತೆರೆದ ಹಾಗಾಗುತ್ತದೆ. ನೀವು ಮದುವೆಯಾಗಿ ಬಂದಾಗ ಇಲ್ಲಿ ನಾಲ್ಕು ಸಾವಿರ ಜನ, ನಲವತ್ತು ಹೊಗೆಗೊಳವೆ, ಸುತ್ತಲೂ ಬರೀ ತಾವರೆ ಗೆಡ್ಡೆಯ ಕೆಸರುಗದ್ದೆ ಎನ್ನುತ್ತಿದ್ದಿರಿ. ನದಿಯ ಮರಳು ಅಚ್ಚಿಗೆ ಹೇಳಿಮಾಡಿಸಿದ ಹಾಗಿತ್ತೆಂದು ಎರಕದವರು ಬಂದು ನೆಲೆಯಾದ ಊರು. ಯುದ್ಧಕ್ಕೆ ಗುಂಡು ಎರಕ ಹೊಯ್ದಿತು, ದೇವಾಲಯದ ಗಂಟೆಯನ್ನೂ ಕರಗಿಸಿಕೊಟ್ಟಿತು. ಯುದ್ಧ ಮುಗಿದ ಮರುತಿಂಗಳೇ ಅದೇ ಕುಲುಮೆಗಳಲ್ಲಿ ಅನ್ನದ ಪಾತ್ರೆ ಹೊಯ್ದಿತು. ಈಗ ಕೆಸರುಗದ್ದೆಯ ಮೇಲೆ ಐದಂತಸ್ತಿನ ವಠಾರಗಳು ಎದ್ದಿವೆ, ಹನ್ನೆರಡು ಕಟ್ಟಡ, ಎಲ್ಲಕ್ಕೂ ಒಂದೇ ಮುಖ. ಹೊಗೆಗೊಳವೆಗಳು ಏಳು ಉಳಿದಿವೆ, ನಮ್ಮ ಕುಲುಮೆಯದೂ ಸೇರಿ. ವಠಾರದ ಮಕ್ಕಳಿಗೆ ಆಡಲು ಮಾಡಿದ ಮರಳಿನ ಹೊಂಡಕ್ಕೆ ಯಾರೋ ಪುಣ್ಯಾತ್ಮರು ಮುಚ್ಚಿದ ಕಾರ್ಖಾನೆಯ ಅಚ್ಚಿನ ಮರಳು ತಂದು ಸುರಿದಿದ್ದಾರೆ. ಮಕ್ಕಳು ಸಂಜೆ ಚಡ್ಡಿಯ ಹಿಂಬದಿ ಕಪ್ಪಗೆ ಮಾಡಿಕೊಂಡು ಹೋಗುತ್ತಾರೆ, ತಾಯಂದಿರು ಬೈಯುತ್ತಾರೆ. ನನಗೆ ಮಾತ್ರ ಆ ಕಪ್ಪು ಕಂಡರೆ ಮನಸ್ಸು ಮೆತ್ತಗಾಗುತ್ತದೆ. ಮಾವನವರ ಬಟ್ಟೆಯಲ್ಲಿ ನೀವು ಇಪ್ಪತ್ತಾರು ವರ್ಷ ತಿಕ್ಕಿದ್ದು ಅದೇ ಕಪ್ಪು ತಾನೇ.

ನೂಲಿನ ಗಿರಣಿಯ ಹಳೆಯ ಹಾಸ್ಟೆಲಿನ ಮುಂದೆಯೂ ನಿಂತೆ. ಈಗ ಅದು ಸೈಕಲ್ ನಿಲ್ಲಿಸುವ ಜಾಗ. ಐವತ್ತೈದರಲ್ಲಿ ಉತ್ತರದ ಹಿಮದ ಹಳ್ಳಿಯಿಂದ ಗಿರಣಿಯ ಕೆಲಸಕ್ಕೆಂದು ನಮ್ಮನ್ನು ರೈಲು ತುಂಬ ತಂದು ಇಳಿಸಿದ್ದರು, ಎಲ್ಲರಿಗೂ ಹದಿನೈದು ವರ್ಷ, ಎದೆಗೆ ಹೆಸರಿನ ಚೀಟಿ. ಅಕ್ಟೋಬರಿನಲ್ಲಿ ಇದೇ ಚೀಲ ಹಾಕಿಕೊಂಡು ನೀವು ಬಂದಿರಿ. ನನ್ನ ಸರದಿ ಬಂದಾಗ ‘ಎಲ್ಲಿಯವಳಮ್ಮಾ?’ ಎಂದು ಕೇಳಿದಿರಿ, ನಾನು ನನ್ನ ಹಳ್ಳಿಯ ಹೆಸರು ಹೇಳಲು ಹೋಗಿ ಅತ್ತುಬಿಟ್ಟೆ. ನೀವು ಸಮಾಧಾನ ಮಾಡಲಿಲ್ಲ. ‘ಹುಟ್ಟಿದ್ದೆಲ್ಲಿ ಅಂತ ಕೇಳ್ಲಿಲ್ಲ ಕಣೇ. ನಿನ್ನ ಹಾಸಿಗೆ ಎಲ್ಲಿದೆ?’ ಎಂದಿರಿ. ಗೋಡೆಯ ಪಕ್ಕ ಮಡಿಸಿಟ್ಟದ್ದನ್ನು ತೋರಿಸಿದೆ. ‘ಹಂಗಾದ್ರೆ ನೀನು ಸುನಾಬಾದೋಳು’ ಎಂದು ಬರೆದುಕೊಂಡು ಮುಂದಿನವಳ ಕಡೆ ತಿರುಗಿದಿರಿ. ಅಷ್ಟೇ. ಏಳು ವರ್ಷ ಕಳೆದು ನಿಮ್ಮ ಮಗನನ್ನು ಮದುವೆಯಾದದ್ದು ಆಮೇಲಿನ ಮಾತು. ಅದಕ್ಕೂ ಮೊದಲೇ ನನ್ನನ್ನು ಈ ಊರಿಗೆ ಸೇರಿಸಿಕೊಂಡವರು ನೀವು. ಇದನ್ನು ಇಷ್ಟು ವರ್ಷ ನಿಮ್ಮ ಮುಖ ನೋಡಿ ಹೇಳಲಾಗಲಿಲ್ಲ, ಕಾಗದದಲ್ಲಿ ಸುಲಭ.

ಆದರೆ ಹಾಸಿಗೆಯನ್ನೇ ಏಕೆ ಕೇಳುತ್ತೀರಿ ಎಂದು ನನಗೆ ಗೊತ್ತಾದದ್ದು ಈ ಸೋಮವಾರ. ತೋಫು ಅಂಗಡಿಯ ಓತ್ಸುನೆ ಅಜ್ಜಿ ನಮೂನೆ ತೆಗೆದುಕೊಂಡವಳು ನನ್ನನ್ನು ಬಿಡಲಿಲ್ಲ, ಸೋಯಾ ಹಾಲು ಕುಡಿಸಿ ಕೂರಿಸಿಕೊಂಡಳು. ‘ನಿಮ್ಮತ್ತೆ ಮೊದಲ್ನೇ ಗಣತೀಲಿ ಏನು ಮಾಡಿದ್ಲು ಹೇಳ್ಲಾ? ನಲವತ್ತೇಳರಲ್ಲಿ. ಮನೇಲಿ ಎಷ್ಟು ಜನ ಅಂತ ಕೇಳಿದ್ರೆ ಹೆಂಗಸರು ಅಳ್ತಾರೆ ಅಂತ, ಊಟದ ಹೊತ್ತಿಗೆ ಬಂದು ಬಾಯಿ ಮುಚ್ಕೊಂಡು ಅನ್ನದ ಬಟ್ಟಲು ಎಣಿಸಿದ್ಲು. ಹೆಸರೆಲ್ಲ ಅವಳಿಗೆ ಗೊತ್ತಿದ್ದವೇ.’ ಆಗ ಪೇಟೆಯ ಎಷ್ಟೋ ಮನೆಗಳಲ್ಲಿ ಯುದ್ಧದಿಂದ ಮರಳದವರ ಹೆಸರಿನಲ್ಲಿ ದಿನಾ ನೆರಳಿನ ಊಟ ಬಡಿಸಿಡುತ್ತಿದ್ದರಂತೆ. ನಿಮಗೆ ಅದು ತಿಳಿಯದ್ದಲ್ಲ. ಆದರೂ ಎಲ್ಲ ಬಟ್ಟಲನ್ನೂ ಎಣಿಸಿದಿರಿ. ಪುರಸಭೆಯಲ್ಲಿ ಪಡಿತರದ ಚೀಟಿಗೆ ತಾಳೆ ನೋಡಿದರೆ ನಮ್ಮ ಪೇಟೆಯಲ್ಲಿ ಹನ್ನೊಂದು ಜನ ಹೆಚ್ಚು. ಗುಮಾಸ್ತ ಬೈದು, ರಬ್ಬರು ಕೊಟ್ಟು ಕಳಿಸಿದನಂತೆ. ‘ನನ್ನ ಗಂಡನ ಹೆಸರು ಅಳಿಸೋಕೆ ಇಲ್ಲೇ ಕೂತಿದ್ಲು ನೋಡು, ನೀನು ಕೂತಿರೋ ಜಾಗದಲ್ಲೇ. ಟೀ ತಣ್ಣಗಾಯ್ತು, ಕೈ ಎತ್ತಲಿಲ್ಲ. ಕೊನೆಗೆ ನಾನೇ ಅಳಿಸ್ದೆ. ಹಿಂಗೇ ಹತ್ತು ಮನೆ. ಹನ್ನೊಂದನೇದು ಅವಳ ಮನೇದೇ’ ಎಂದಳು ಅಜ್ಜಿ.

ನಿಮ್ಮ ಹಿರಿಮಗ ಕೊಹೇ ಭಾವನವರ ಫೋಟೊಗೆ ಎಂಟು ವರ್ಷದಿಂದ ದಿನಾ ನೀರಿಡುತ್ತಿದ್ದೇನೆ. ಹದಿನೆಂಟನೆಯ ವಯಸ್ಸಿಗೆ ಸೈನಿಕರಾಗಿ ಮಂಚೂರಿಯಾಕ್ಕೆ ಹೋದವರು, ಬರಲಿಲ್ಲ, ಅಸ್ಥಿಯ ಬದಲು ಒಂದು ಖಾಲಿ ಪೆಟ್ಟಿಗೆ ಬಂತು ಎಂಬಷ್ಟೇ ನನಗೆ ಗೊತ್ತಿದ್ದದ್ದು. ಅವರ ಹಾಸಿಗೆಯನ್ನು ನೀವು ಯುದ್ಧ ಮುಗಿದ ಚಳಿಗಾಲದಲ್ಲಿ ಸಿಹಿಗೆಣಸಿಗೆ ಬದಲಿಯಾಗಿ ಕೊಟ್ಟಿದ್ದಿರೆಂದು, ಆ ನಮೂನೆಯಲ್ಲಿ ಅವರ ಹೆಸರು ಅಳಿಸಿದ ದಿನ ‘ಬಟ್ಟಲು ಯಾರಿಗೆ ಬೇಕಾದ್ರೂ ಇಡಬಹುದು, ಹಾಸಿಗೆ ಇದ್ದರೇನೇ ಲೆಕ್ಕ’ ಎಂದಿರೆಂದು ಅಜ್ಜಿ ಹೇಳಿದ ಮೇಲೆ ತಿಳಿಯಿತು. ಆಮೇಲೆ ಅವಳು ಹೇಳಿದ್ದು ಇನ್ನೊಂದಿದೆ. ನದಿಯ ಕಬ್ಬಿಣದ ಸೇತುವೆಯ ಮೇಲೆ ರೈಲು ಬರುವಾಗ ಮೊದಲು ಕಾಣುವುದು ನಮ್ಮ ಮನೆಯ ಹೊಗೆಯಂತೆ. ‘ಹೆಸರು ಅಳಿಸ್ದೆ, ಹೊಗೆ ಮಾತ್ರ ಅಳಿಸಲ್ಲ ಅಂದಿದ್ಲು ಕಣೇ. ನಿಮ್ಮಾವ ಸತ್ತಾಗ್ಲೂ ಮೂರನೇ ದಿನ ಕುಲುಮೆ ಹಚ್ಚಿಸಿದ್ಲು. ಜನ ಏನೇನೋ ಆಡ್ಕೊಂಡ್ರು. ನಾನು ಆಡ್ಕೊಳ್ಲಿಲ್ಲ.’ ಅತ್ತೇ, ಜುಲೈ ಹನ್ನೊಂದರ ಸಂಜೆ ನಿಮ್ಮ ಮಗ ಊಟಕ್ಕೆ ಕೂತು, ಈ ಶರತ್ಕಾಲಕ್ಕೆ ಕುಲುಮೆ ಆರಿಸುತ್ತೇವೆ, ಅಂಗಳ ವಠಾರ ಕಟ್ಟುವವರಿಗೆ ಕೊಡುತ್ತೇವೆ ಎಂದಾಗ ನೀವು ‘ಹಾಗೇ ಆಗ್ಲಿ’ ಎಂದಷ್ಟೇ ಹೇಳಿ ಒರೆಸಿದ ತಟ್ಟೆಯನ್ನೇ ಮೂರು ಸಲ ಒರೆಸಿದಿರಿ. ಬೆಳಿಗ್ಗೆ ಗಂಟು ಹಿಡಿದು ಹೊರಟಿರಿ. ಹಟಮಾರಿತನ ಎಂದುಕೊಂಡೆ ನಾನು. ನನ್ನ ಬುದ್ಧಿಗೆ ಅಷ್ಟೇ ತೋಚಿದ್ದು. ಅದಕ್ಕೆ ಕ್ಷಮೆ ಕೇಳುತ್ತೇನೆ.

ಅಜ್ಜಿಯ ಮನೆಯಿಂದ ಹೊರಟು ವಠಾರಕ್ಕೆ ಹೋದೆ. ನಾಲ್ಕನೆಯ ಕಟ್ಟಡದ ಮೆಟ್ಟಿಲು ಹತ್ತಿ ಸುಸ್ತಾಗಿ, ಐದನೆಯ ಅಂತಸ್ತಿನ ತಿರುವಿನಲ್ಲಿ ಕೂತೆ. ಅಲ್ಲಿ ಮಧ್ಯಾಹ್ನದ ಬಿಸಿಲು ಚೆನ್ನಾಗಿ ಬೀಳುತ್ತದೆ. ಕಣ್ಣು ಮುಚ್ಚಿದ್ದೇ ಗೊತ್ತು. ಕನಸಿನಲ್ಲಿ ನದಿಯ ಏರಿಯ ಮೇಲೆ ಉದ್ದಕ್ಕೆ ಜನ ಸಾಲು ನಿಂತಿದ್ದರು, ಎಲ್ಲರ ತಲೆಯ ಮೇಲೂ ಮಡಿಸಿದ ಹಾಸಿಗೆ. ಕೆಸರುಗದ್ದೆಯ ರೈತರು, ಮೊದಲ ಎರಕದವರು, ನನ್ನ ಜೊತೆ ರೈಲಿನಲ್ಲಿ ಬಂದು ಕ್ಷಯವಾಗಿ ಊರಿಗೆ ಮರಳಿದ ಹುಡುಗಿಯರು, ಟೈ ಕಟ್ಟಿದ ವಠಾರದ ಗಂಡಸರು, ಇನ್ನೂ ಹುಟ್ಟದ ಮಕ್ಕಳೂ ಪುಟ್ಟಪುಟ್ಟ ಹಾಸಿಗೆ ಹೊತ್ತು ನಿಂತಿದ್ದವು. ಯಾರೂ ತಳ್ಳಾಡುತ್ತಿರಲಿಲ್ಲ. ಸಾಲಿನ ತುದಿಯಲ್ಲಿ ಮೇಜು ಹಾಕಿಕೊಂಡು ನೀವು ಕೂತಿದ್ದಿರಿ, ಪೆನ್ಸಿಲಿನ ಮೊನೆ ನಾಲಿಗೆಗೆ ತಾಗಿಸಿ ತಾಗಿಸಿ ಬರೆಯುತ್ತಿದ್ದಿರಿ. ಪುರಸಭೆಯ ಹಲಗೆಯಲ್ಲಿ ತಗಡು ಸಾಲದೆ ಅಂಕಿಗಳು ಪಕ್ಕದ ಗೋಡೆಗೆ, ಅಲ್ಲಿಂದ ಆಕಾಶಕ್ಕೆ ಹೋಗಿದ್ದವು. ಬರಿಗೈಯಲ್ಲಿ ನಿಂತವನು ಒಬ್ಬನೇ, ಸೈನಿಕರ ಟೋಪಿ ಹಾಕಿದ ಹುಡುಗ. ನೀವು ಎದ್ದು ಮೇಜಿನ ಕೆಳಗಿಂದ ಒಂದು ಹಾಸಿಗೆ ತೆಗೆದು ಅವನ ಕೈಗೆ ಕೊಟ್ಟಿರಿ, ಅದಕ್ಕೆ ಬಿಸಿಲಿನ ವಾಸನೆ ಇತ್ತು. ಎಚ್ಚರವಾದಾಗ ವಠಾರದ ಹೆಂಗಸೊಬ್ಬಳು ‘ಹುಷಾರಿದ್ದೀರಾ?’ ಎಂದು ನನ್ನ ಭುಜ ಅಲುಗಿಸುತ್ತಿದ್ದಳು. ಮೇಲಿಂದ ನೋಡಿದರೆ ಎಲ್ಲ ಬಾಲ್ಕನಿಗಳಲ್ಲೂ ಹಾಸಿಗೆ ಒಣಗಿಸಲು ಹಾಕಿದ್ದರು. ಎಣಿಸಲು ಹೋಗಿ ಇನ್ನೂರರ ಹತ್ತಿರ ಲೆಕ್ಕ ತಪ್ಪಿದೆ.

ಇನ್ನು ಕುಲುಮೆಯ ವಿಷಯ. ನಿಮಗೆ ಹೇಳಬೇಡವೆಂದು ಇವರು ಹೇಳಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ಕುಲುಮೆ ಇನ್ನೂ ಆರಿಲ್ಲ. ಕೊನೆಯ ಎರಕಕ್ಕೆ ದಿನ ಗೊತ್ತುಮಾಡಿ ಮೂರು ಸಲ ಮುಂದೂಡಿದ್ದಾರೆ. ಮೊದಲ ಸಲ ಕೋಕ್ ಕಲ್ಲಿದ್ದಲು ಒದ್ದೆ ಎಂದರು. ಎರಡನೆಯ ಸಲ ಮರಳು ಸರಿಯಿಲ್ಲ ಎಂದರು. ನಲವತ್ತು ವರ್ಷ ಸರಿಯಿದ್ದ ಮರಳು. ಮೂರನೆಯ ಸಲ ನೆಪವೂ ಸಿಗದೆ ‘ಇವತ್ತು ಯಾಕೋ ಬೇಡ’ ಎಂದು ಕೆಮ್ಮುತ್ತ ಹೊರಗೆ ಹೋದರು. ಉಳಿದಿರುವ ಮೂವರು ಕೆಲಸಗಾರರೂ ನನ್ನ ಮುಖ ನೋಡಿ ನಕ್ಕರು. ಎಲ್ಲರಿಗೂ ಗೊತ್ತು. ಮೊದಲ ಕಬ್ಬಿಣ ಹರಿಯುವ ಮುಂಚೆ ಕುಲುಮೆಯ ಬಾಯಿಗೆ ಉಪ್ಪು ಎರಚಿ ಸಾಕೆ ಮದ್ಯ ಎರೆಯುವವರು ನೀವು. ಮಾವನವರು ಹೋದ ಮೇಲೆ ಆ ಉಪ್ಪಿನ ಬಟ್ಟಲನ್ನು ಬೇರೆ ಯಾರೂ ಮುಟ್ಟಿಲ್ಲ. ನಾನು ಎರಚಲೇ ಎಂದು ಇವರನ್ನು ಕೇಳಿದ್ದಕ್ಕೆ ‘ನೀನು ಉಪ್ಪಿನಕಾಯಿ ನೋಡ್ಕೋ’ ಎಂದರು. ಕೊನೆಗೆ ಹೊಯ್ಯಬೇಕಾದದ್ದು ಏನು ಗೊತ್ತೇ? ಪುರಸಭೆಯವರು ಮಾದರಿಗೆಂದು ಹೇಳಿದ ಹನ್ನೆರಡು ಮೋರಿ ಮುಚ್ಚಳ, ಹೊಸ ನಗರಸಭೆಯ ಲಾಂಛನ ಇರುವಂಥವು. ಲಾಂಛನದ ಮರದ ಅಚ್ಚನ್ನು ಇವರೇ ಕೆತ್ತಿದ್ದಾರೆ. ನದಿ, ಸೇತುವೆ, ಒಂದು ಹೊಗೆಗೊಳವೆ. ನಮ್ಮ ಅಂಗಳದಲ್ಲಿ ನಲವತ್ತು ಮನೆ ಬರುತ್ತವಂತೆ. ಮುಂದಿನ ಗಣತಿಗೆ ಬರುವವರು ನಮ್ಮ ಒಂದು ಬಾಗಿಲಿನ ಬದಲು ನಲವತ್ತು ತಟ್ಟಬೇಕು. ವಠಾರ ಕಟ್ಟುವವರು ಅಕ್ಟೋಬರ್ ಹನ್ನೆರಡಕ್ಕೆ ಅಳತೆಗೆ ಬರುತ್ತಾರೆ. ಇನ್ನು ಮುಂದೂಡಲು ದಿನವಿಲ್ಲ.

ನಿಮಗೆ ನಾನು ನಿಯಮ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಆದರೂ ಚೀಲ ಹೆಗಲಿಗಿರುವಾಗ ಕೇಳಲೇಬೇಕು. ಮನೆ ಬಿಟ್ಟು ಮೂರು ತಿಂಗಳು ಅಥವಾ ಹೆಚ್ಚು ಇನ್ನೊಂದು ಕಡೆ ಇರುವವರನ್ನು, ಇರಬೇಕೆಂದುಕೊಂಡವರನ್ನು, ಅಲ್ಲಿಯೇ ಎಣಿಸಬೇಕು. ನೀವು ಹೊರಟದ್ದು ಜುಲೈ ಹನ್ನೆರಡು. ಅಕ್ಟೋಬರ್ ಹನ್ನೆರಡರ ಒಳಗೆ ಬರುವುದಾದರೆ ನೀವು ಸುನಾಬಾದವರು. ಇಲ್ಲವಾದರೆ ಸುಮಿ ಅತ್ತಿಗೆಯ ಊರಿನವರು, ಅಲ್ಲಿಯ ಗಣತಿಯವರು ನಿಮ್ಮನ್ನು ಬರೆದುಕೊಳ್ಳುತ್ತಾರೆ. ನಮ್ಮ ಮನೆಯ ನಮೂನೆಯಲ್ಲಿ ಇವರ ಹೆಸರು, ನನ್ನದು, ಚಿಕಾಳದು ಬರೆದಾಗಿದೆ. ನಾಲ್ಕನೆಯ ಸಾಲು ಖಾಲಿ ಬಿಟ್ಟಿದ್ದೇನೆ. ಊರು ನಗರವಾಗಲೆಂದು ಅಲ್ಲಿ ನಿಮ್ಮ ಹೆಸರು ಬರೆಯಲಾರೆ. ನಿಮ್ಮಿಂದ ಕಲಿತವಳು, ಮತ್ತೆ ರಬ್ಬರು ಹಿಡಿದು ಕೂರುವ ಶಕ್ತಿ ನನಗಿಲ್ಲ. ಯಾವಾಗ ಬರುತ್ತೀರಿ ಎಂದು ಸೊಸೆಯಾಗಿ ಕೇಳಲು ಎರಡು ತಿಂಗಳಿಂದ ಬಾಯಿ ಬರಲಿಲ್ಲ. ಗಣತಿಯವಳಾಗಿ ಕೇಳುತ್ತಿದ್ದೇನೆ. ಉತ್ತರ ಕೊಡದಿದ್ದರೆ ದಂಡ ಇದೆ ಎಂದು ನಮೂನೆಯ ಹಿಂದೆ ಅಚ್ಚು ಹಾಕಿದ್ದಾರೆ, ನೋಡಿಕೊಳ್ಳಿ.

ಬಿಸಿಲು ಬಂದ ದಿನವೆಲ್ಲ ನಿಮ್ಮ ಹಾಸಿಗೆಯನ್ನು ಗಳುವಿನ ಮೇಲೆ ಹಾಕಿ, ಬಡಿದು, ಸಂಜೆ ಮಡಿಸಿ ಇಡುತ್ತಿದ್ದೇನೆ. ಇವತ್ತೂ ಹಾಕಿದ್ದೇನೆ. ಸುಮಿ ಅತ್ತಿಗೆಗೂ ಅವರ ಮನೆಯವರಿಗೂ ನನ್ನ ನಮಸ್ಕಾರ ಹೇಳಿ, ಅಣಬೆ ಕಳಿಸಿದ್ದಕ್ಕೆ ಋಣಿ. ಚಳಿಗೆ ಮೊಣಕಾಲಿಗೆ ಉಣ್ಣೆಪಟ್ಟಿ ಸುತ್ತಿಕೊಳ್ಳಿ. ಚಿಕಾ ಹಲ್ಲಿನ ಚಿತ್ರ ಬರೆದು ಇದರೊಳಗೆ ಇಟ್ಟಿದ್ದಾಳೆ.

ನಿಮ್ಮ ಪಾದಕ್ಕೆ ಬಾಗುವ
ತೋಕಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಕುಲುಮೆ ಆರಿಸೋಣ ಎಂದು ಮೊದಲು ಹೇಳಿದವರು ನಿಮ್ಮ ಮಗನಲ್ಲ, ನಾನು. ಏಪ್ರಿಲಿನಲ್ಲಿ ಡಾಕ್ಟರು ಇವರ ಎದೆಯ ಫೋಟೊ ತೋರಿಸಿದರು, ಎರಡೂ ಕಡೆ ಮರಳು ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಇನ್ನೆರಡು ಚಳಿಗಾಲ ಹೀಗೇ ಕುಲುಮೆಯ ಮುಂದೆ ನಿಂತರೆ ಆಮೇಲೆ ಏನೂ ಮಾಡಲಾಗದು ಎಂದರು. ಇವರು ಒಪ್ಪಲಿಲ್ಲ. ಮೂರು ತಿಂಗಳು ನಾನೇ ಕಾಡಿದೆ, ಕಣ್ಣೀರು ಹಾಕಿದೆ, ಜಗಳವಾಡಿದೆ. ಕೊನೆಗೆ ಒಪ್ಪಿದಾಗ ‘ಅಮ್ಮನಿಗೆ ನಾನೇ ಹೇಳ್ತೀನಿ, ನಂದೇ ಯೋಚನೆ ಅಂತ. ಸಿಟ್ಟು ನನ್ಮೇಲಿರ್ಲಿ, ನೀವಿಬ್ರೂ ಒಂದೇ ಅಡುಗೆಮನೇಲಿ ಬಾಳ್ಬೇಕಲ್ಲ’ ಎಂದರು. ಎದೆಯ ಕಾಯಿಲೆಯ ಮಾತು ನಿಮಗೆ ಹೇಳಕೂಡದೆಂದು ಆಣೆ ಹಾಕಿಸಿಕೊಂಡರು. ಒಬ್ಬ ಮಗ ಬರಲೆಂದು ಹೊಗೆ ಉಳಿಸಿದಿರೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ, ಇನ್ನೊಬ್ಬ ಮಗ ಇರಲೆಂದು ಆರಿಸೋಣ ಎಂದೇ ಹೇಳುತ್ತಿದ್ದೆ. ಸಿಟ್ಟು ಯಾರ ಮೇಲೆ ಮಾಡಬೇಕೆಂದು ಈಗ ನಿಮಗೆ ತಿಳಿಯಿತು. ಅವಳು ಇದೇ ಮನೆಯಲ್ಲಿದ್ದಾಳೆ, ಬಂದು ಎದುರಿಗೆ ಬೈಯಿರಿ. ಉಪ್ಪಿನ ಬಟ್ಟಲು ತೊಳೆದು ಇಟ್ಟಿದ್ದೇನೆ. ಅಕ್ಟೋಬರ್ ಐದನೆಯ ತಾರೀಕಿಗೆ ನಮೂನೆ ಒಪ್ಪಿಸಬೇಕು, ನಾಲ್ಕನೆಯ ಸಾಲಿಗೆ ಪೆನ್ಸಿಲು ಚೂಪು ಮಾಡಿಟ್ಟಿದ್ದೇನೆ.